ತಮ್ಮಾ, ಮೂರು ವರ್ಷ ಹಿಂದೆಯೇ ಇರು

ತಮ್ಮಾ, ಮೊದಲ ಸಂಬಳ ಕೈಗೆ ಬಂತು ಅನ್ನುವಷ್ಟರಲ್ಲಿ ಪ್ಲೇಸ್ಟೇಷನ್ ತಗೊಳ್ಳಬೇಕು ಅನ್ನುವ ಆಸೆಯೂ ಹಿಂದೆಯೇ ಬಂದಿರುತ್ತದೆ. ಬೀದರ್, ಕಲಬುರಗಿ, ರಾಯಚೂರಿನಿಂದ ಹೈದರಾಬಾದಿಗೆ ಬಂದು ಅಮೀರ್‌ಪೇಟೆ, ಎಸ್.ಆರ್. ನಗರ, ಮಾದಾಪುರದ ಪಿಜಿಗಳಲ್ಲಿರುವ ಹುಡುಗ ಹುಡುಗಿಯರು ಕಾಚಿಗುಡದ ನಮ್ಮ ಮನೆಗೆ ಊಟಕ್ಕೆ ಬಂದಾಗ ಈ ಮಾತು ಬಂದೇ ಬರುತ್ತದೆ. ಆಸೆಯಲ್ಲಿ ತಪ್ಪೇನಿಲ್ಲ. ಒಳ್ಳೆಯ ಆಟವೊಂದು ಒಳ್ಳೆಯ ಕಾದಂಬರಿಯಷ್ಟೇ ದಿನ ಮನಸ್ಸಿನಲ್ಲಿ ಉಳಿಯುತ್ತದೆ ಎಂದು ನಂಬಿದವನು ನಾನು. ಆದರೆ ಊರಿಗೆ ಹಣ ಕಳಿಸಬೇಕು, ಬಾಡಿಗೆ ಕಟ್ಟಬೇಕು, ತಂಗಿಯ ಫೀಸು ನೋಡಬೇಕು. ಇವೆಲ್ಲ ಸಾಗುತ್ತಲೇ ಆಟವೂ ಸಾಗುವ ದಾರಿ ಇದೆ. ಅದನ್ನು ಹೇಳುತ್ತೇನೆ ಕೇಳು.

ಕನ್ಸೋಲಿನ ಬೆಲೆ ಒಮ್ಮೆ ಕೊಟ್ಟು ಮುಗಿಯುತ್ತದೆ. ಜೇಬು ಸೋರುವುದು ಆಟಗಳಲ್ಲಿ. 2020ರ ಕೊನೆಗೆ ಪ್ಲೇಸ್ಟೇಷನ್ 5ರ (ಪಿಎಸ್5) ಜೊತೆ ಬಂದ ಸೋನಿಯ ಡೀಮನ್ಸ್ ಸೋಲ್ಸ್ ಆಟ ನಮ್ಮ ದೇಶದಲ್ಲಿ 4,999 ರೂಪಾಯಿ ಇತ್ತು. ಅಮೀರ್‌ಪೇಟೆಯಲ್ಲಿ ಹಂಚಿಕೊಂಡಿರುವ ರೂಮಿನ ಒಂದು ತಿಂಗಳ ಬಾಡಿಗೆಗೆ ಹತ್ತಿರದ ಮೊತ್ತ ಅದು. ವರ್ಷಕ್ಕೆ ಅಂಥ ಆರು ಆಟ ಕೊಂಡರೆ ಮೂವತ್ತು ಸಾವಿರ ಹೋಯಿತು. ಹಾಗಾಗಿ ಕನ್ಸೋಲ್ ಆರಿಸುವಾಗಲೇ ಮುಂದೆ ಆಟ ಎಲ್ಲಿಂದ, ಎಷ್ಟಕ್ಕೆ ಬರುತ್ತದೆ ಅನ್ನುವ ಲೆಕ್ಕ ಹಾಕಬೇಕು.

ನನ್ನ ಮಾತು ಕೇಳುವುದಾದರೆ ಡಿಸ್ಕ್ ಹಾಕಲು ಬರುವ ಯಂತ್ರವನ್ನೇ ತಗೋ. 2024ರ ಏಪ್ರಿಲ್‌ನಲ್ಲಿ ಪಿಎಸ್5 ಸ್ಲಿಮ್ ಇಲ್ಲಿಗೆ ಬಂದಾಗ ಡಿಸ್ಕ್ ಇರುವುದಕ್ಕೆ 54,990, ಇಲ್ಲದ ಡಿಜಿಟಲ್ ಮಾದರಿಗೆ 44,990 ಇತ್ತು. ಹತ್ತು ಸಾವಿರ ಉಳಿಯಿತಲ್ಲ ಎಂದು ಎಷ್ಟೋ ಜನ ಡಿಜಿಟಲ್ ಕಡೆ ಕೈಚಾಚುತ್ತಾರೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೂ ಡಿಸ್ಕ್ ಇಲ್ಲ. ಅಂಥ ಯಂತ್ರಕ್ಕೆ ಡಿಸ್ಕ್ ಡ್ರೈವ್ ಇಲ್ಲದವರೆಗೆ ನಿನಗೆ ಉಳಿಯುವುದು ಒಂದೇ ಅಂಗಡಿ, ಅದು ಆ ಕಂಪನಿಯ ಆನ್‌ಲೈನ್ ಸ್ಟೋರ್. ಅಲ್ಲಿ ಚೌಕಾಸಿ ಇಲ್ಲ, ಗೆಳೆಯನಿಂದ ಎರವಲು ಇಲ್ಲ, ಮುಗಿಸಿದ ಆಟ ಮಾರುವ ಹಾಗೂ ಇಲ್ಲ. ಡಿಸ್ಕಿನ ಲೆಕ್ಕವೇ ಬೇರೆ. 1,500ಕ್ಕೆ ತಂದ ಹಳೆಯ ಡಿಸ್ಕನ್ನು ಆಡಿ ಮುಗಿಸಿ 1,100ಕ್ಕೆ ಮಾರಿದೆ ಎಂದಿಟ್ಟುಕೋ, ಆ ಆಟಕ್ಕೆ ನೀನು ಕೊಟ್ಟದ್ದು 400 ರೂಪಾಯಿ. ಹೀಗೆ ಹತ್ತು ಹನ್ನೆರಡು ಆಟ ಆಡುವಷ್ಟರಲ್ಲಿ ಆ ಹತ್ತು ಸಾವಿರ ವಾಪಸ್ ಬಂದಿರುತ್ತದೆ.

ಬಜೆಟ್ ತೀರಾ ಬಿಗಿಯಾಗಿದ್ದರೆ ಸೆಕೆಂಡ್ ಹ್ಯಾಂಡ್ ಪಿಎಸ್4 ಸ್ಲಿಮ್ ಸಾಕು. ಅದಕ್ಕೆ ಬಂದ ಒಳ್ಳೆಯ ಆಟಗಳನ್ನು ಮುಗಿಸಲು ನಿನಗೆ ವರ್ಷಗಳೇ ಬೇಕು. ಕೂಡಿಸಿಟ್ಟ ಡಿಸ್ಕೂ ದಂಡವಾಗುವುದಿಲ್ಲ. ಮುಂದೆ ಡಿಸ್ಕ್ ಇರುವ ಪಿಎಸ್5 ತಂದಾಗ ಪಿಎಸ್4ರ ಡಿಸ್ಕುಗಳು ಹೆಚ್ಚುಕಡಿಮೆ ಎಲ್ಲವೂ ಅದರಲ್ಲಿ ನಡೆಯುತ್ತವೆ.

ಹೊಸದೇ ಬೇಕೆಂದರೆ ಅವಸರ ಮಾಡಬೇಡ, ಸೋನಿಯವರು ಆಗಾಗ ಬೆಲೆ ಇಳಿಸುತ್ತಾರೆ. 2023ರ ಬೇಸಿಗೆಯ ಆಫರ್‌ನಲ್ಲಿ 54,990ರ ಪಿಎಸ್5 ಅನ್ನು 47,490ಕ್ಕೆ ಕೊಟ್ಟಿದ್ದರು. ಇಎಂಐ ಮೇಲೆ ಮಾತ್ರ ತರಬೇಡ. ಬಡ್ಡಿ ಇಲ್ಲ ಎಂದರೂ ಪ್ರೋಸೆಸಿಂಗ್ ಫೀ, ಜಿಎಸ್‌ಟಿ ಎಂದು ಏನಾದರೊಂದು ಸೇರುತ್ತದೆ. ಆಟದ ಸಾಮಾನಿಗೆ ಸಾಲ ಬೇಡ.

ಈಗ ಪೇಟೆಯ ವಿಷಯ. ಮಾದಾಪುರದಲ್ಲಿರಲಿ, ಅಮೀರ್‌ಪೇಟೆಯಲ್ಲಿರಲಿ, ಮೆಟ್ರೋದ ನೀಲಿ ಲೈನ್ ಹತ್ತಿ ಪ್ಯಾರಡೈಸ್‌ನಲ್ಲಿ ಇಳಿ. ಅಲ್ಲಿಂದ ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರ್, ಎಲ್ಲರ ಬಾಯಲ್ಲಿ ಸಿಟಿಸಿ, ನಡೆದುಹೋಗುವಷ್ಟೇ ದೂರ. ಕಂಪ್ಯೂಟರ್ ಸಾಮಾನಿಗೆ ಹೆಸರಾದ ಜಾಗ. ಮೊದಲ ಸಲ ಹೋದಾಗ ಏನೂ ಕೊಳ್ಳಬೇಡ. ನಾಲ್ಕು ಅಂಗಡಿಯಲ್ಲಿ ಒಂದೇ ವಸ್ತುವಿನ ಬೆಲೆ ಕೇಳಿ, ಬರೆದಿಟ್ಟುಕೊಂಡು ಬಾ. ಬೀದರ್, ಕಲಬುರಗಿಯವರಿಗೆ ದಖನಿ ಬರುತ್ತದೆ, ಆ ಮಾತನ್ನು ಇಲ್ಲಿ ಬಳಸು. ‘ಫೈನಲ್ ಕಿತ್ನಾ ಭಾಯ್?’ ಎಂದು ಊರಿನ ಧಾಟಿಯಲ್ಲೇ ಕೇಳಿದವನಿಗೆ ಸಿಗುವ ಬೆಲೆ ಇಂಗ್ಲಿಷಿನಲ್ಲಿ ಕೇಳಿದವನಿಗೆ ಸಿಗುವುದಿಲ್ಲ.

ಹಳೆಯ ಡಿಸ್ಕ್ ನೋಡುವುದನ್ನು ಕಲಿತುಕೋ. ಕೈಗೆ ತಗೊಂಡು ಅಂಚಿನಲ್ಲಿ ಹಿಡಿದು, ಟ್ಯೂಬ್‌ಲೈಟಿನ ಕೆಳಗೆ ಓರೆಮಾಡು. ಕೂದಲೆಳೆಯಂಥ ಸಣ್ಣ ಗೆರೆಗಳಿದ್ದರೆ ಹೆದರಬೇಡ, ಪಿಎಸ್4, ಪಿಎಸ್5ರ ಬ್ಲೂ-ರೇ ಡಿಸ್ಕಿನ ಮೇಲೆ ಗಟ್ಟಿಯಾದ ಲೇಪ ಇರುತ್ತದೆ. ಉಗುರು ಆಡಿಸಿದರೆ ತಡೆಯುವಂಥ ಆಳದ ಗೀರಿದ್ದರೆ ಅಲ್ಲೇ ವಾಪಸ್ ಕೊಡು. ಪಿಎಸ್2 ಕಾಲದ ಡಿವಿಡಿಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗೆ ಇತ್ತು, ಆದ್ದರಿಂದ ಗೀರು ಬಿದ್ದ ಡಿಸ್ಕನ್ನು ಉಜ್ಜಿ ಪಾಲಿಶ್ ಮಾಡಿ ಉಳಿಸಿಕೊಳ್ಳಬಹುದಿತ್ತು. ಬ್ಲೂ-ರೇಯಲ್ಲಿ ಆ ಪದರ ಬರೇ 0.1 ಮಿಲಿಮೀಟರ್ ಒಳಗಿದೆ. ಉಜ್ಜಲು ಜಾಗವೇ ಇಲ್ಲ. ‘ಪಾಲಿಶ್ ಮಾಡಿಕೊಡ್ತೀನಿ’ ಎಂದು ಯಾರಾದರೂ ಹೇಳಿದರೆ ನಂಬಬೇಡ. ಹೊಳೆಯುವ ಕಡೆಗಿಂತ ಚಿತ್ರ ಇರುವ ಕಡೆಯನ್ನು ಜನ ನೋಡುವುದು ಕಡಿಮೆ. ಅದನ್ನೂ ತಿರುಗಿಸಿ ನೋಡು, ನಡುವಿನ ತೂತಿನ ಸುತ್ತ ಸೀಳು ಬಿಟ್ಟಿದೆಯೇ ಎಂದೂ ನೋಡು.

ಹಳೆಯ ಕನ್ಸೋಲ್ ಆದರೆ ಅಂಗಡಿಯ ಟಿವಿಗೆ ಹಾಕಿಸಿ ಅರ್ಧ ಗಂಟೆಯಾದರೂ ನಡೆಸು. ನಿನ್ನ ಕೈಯಲ್ಲೊಂದು ಡಿಸ್ಕ್ ಇರಲಿ. ಹಾಕು, ತೆಗೆ, ಮತ್ತೆ ಹಾಕು. ಎಚ್‌ಡಿಎಂಐ ಕೇಬಲನ್ನು ಸ್ವಲ್ಪ ಅಲ್ಲಾಡಿಸಿದಾಗ ಚಿತ್ರ ಹೋಗಿ ಬಂದರೆ ಆ ಪೋರ್ಟ್ ಸಡಿಲವಾಗಿದೆ ಎಂದು ತಿಳಿ. ಫ್ಯಾನಿನ ಸದ್ದು ಕೇಳು. ಈ ಊರಿನ ಧೂಳು, ಏಪ್ರಿಲ್ ಮೇ ತಿಂಗಳ ಸೆಖೆ ಎರಡೂ ಫ್ಯಾನಿಗೆ ವೈರಿಗಳು. ಆಮೇಲೆ ನಿನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟು ನಿನ್ನ ಅಕೌಂಟಿನಲ್ಲಿ ಲಾಗಿನ್ ಆಗು. ಕಂಪನಿ ಬ್ಯಾನ್ ಮಾಡಿದ ಯಂತ್ರವಾದರೆ ಅಲ್ಲೇ ಗೊತ್ತಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಾಫ್ಟ್‌ವೇರ್ ಆವೃತ್ತಿ ತುಂಬ ಹಳೆಯದರಲ್ಲೇ ನಿಂತಿದ್ದು, ಒಳಗೆ ಐವತ್ತು ಆಟ ತುಂಬಿದೆ ಎಂದು ಮಾರುವವನು ಹೇಳಿದರೆ ಅದು ಜೈಲ್‌ಬ್ರೇಕ್ ಮಾಡಿದ ಯಂತ್ರ. ಆನ್‌ಲೈನ್ ಹೋಗಲು ಬರುವುದಿಲ್ಲ, ಕಳ್ಳಮಾಲೂ ಹೌದು. ಬಿಟ್ಟುಬಿಡು. ಕಂಟ್ರೋಲರಿನ ಕಡ್ಡಿಗಳಿಂದ ಕೈ ತೆಗೆದಾಗ ಪರದೆಯ ಮೇಲಿನ ಮನುಷ್ಯ ತಾನೇ ನಡೆಯುತ್ತಿದ್ದರೆ ಡ್ರಿಫ್ಟ್ ಇದೆ ಎಂದರ್ಥ. ನಕಲಿ ಕಂಟ್ರೋಲರುಗಳೂ ಪೇಟೆಯಲ್ಲಿ ಸಾಕಷ್ಟಿವೆ. ಟಚ್‌ಪ್ಯಾಡ್, ಸ್ಪೀಕರ್, ಹೆಡ್‌ಫೋನ್ ತೂತು ಮೂರನ್ನೂ ಪರೀಕ್ಷಿಸು, ನಕಲಿಯಲ್ಲಿ ಇವುಗಳಲ್ಲೊಂದು ಸಾಮಾನ್ಯವಾಗಿ ಕೈಕೊಡುತ್ತದೆ. ಬಿಲ್ ಕೇಳು. ಬಿಲ್ ಇಲ್ಲ ಎಂದರೆ ಅಂಗಡಿಯ ಕಾಗದದ ಮೇಲೆ ಸೀರಿಯಲ್ ನಂಬರ್ ಬರೆಸಿ ಸಹಿ ಹಾಕಿಸಿಕೋ.

ಇಷ್ಟೆಲ್ಲದಕ್ಕಿಂತ ದೊಡ್ಡ ಉಳಿತಾಯ ಇರುವುದು ಕಾಯುವುದರಲ್ಲಿ. ಎರಡು ಮೂರು ವರ್ಷ ಹಿಂದೆ ಬಂದ ಆಟವನ್ನು ಇವತ್ತು ಆಡುವ ಅಭ್ಯಾಸ ಮಾಡಿಕೋ. ಆಬಿಡ್ಸ್‌ನ ಫುಟ್‌ಪಾತಿನಲ್ಲಿ ಭಾನುವಾರ ಹಳೆಯ ಪುಸ್ತಕ ಆರಿಸುವವರು ಹೊಸದು ಯಾವುದು ಬಂತೆಂದು ಕೇಳುವುದಿಲ್ಲ, ಒಳ್ಳೆಯದು ಯಾವುದಿದೆ ಎಂದು ನೋಡುತ್ತಾರೆ. ಹಾಗೆ ನೋಡು. ಸೈಬರ್‌ಪಂಕ್ 2077ರ ಕತೆ ಗೊತ್ತಿದೆಯಲ್ಲ? 2020ರ ಡಿಸೆಂಬರ್ 10ರಂದು ಬಂತು. ಪಿಎಸ್4ರಲ್ಲಿ ಎಷ್ಟು ಕೆಟ್ಟದಾಗಿ ನಡೆಯುತ್ತಿತ್ತೆಂದರೆ ಎಂಟೇ ದಿನಕ್ಕೆ ಸೋನಿ ಅದನ್ನು ತನ್ನ ಸ್ಟೋರಿನಿಂದ ತೆಗೆದು ಹಣ ವಾಪಸ್ ಕೊಡತೊಡಗಿತು. ಆರು ತಿಂಗಳ ಮೇಲೆ ಮತ್ತೆ ಸ್ಟೋರಿಗೆ ಬಂತು. 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂದಮೇಲೆ ಪಿಎಸ್5ರಲ್ಲಿ ಅದು ನಿಜಕ್ಕೂ ಒಳ್ಳೆಯ ಆಟ. ಮೊದಲ ದಿನ ಪೂರ್ತಿ ದುಡ್ಡು ಕೊಟ್ಟವನಿಗೆ ಅರೆಬೆಂದ ಆಟ ಸಿಕ್ಕಿತು. ಮೂರು ವರ್ಷ ಕಾದವನಿಗೆ ಕಡಿಮೆ ದುಡ್ಡಿಗೆ ಪೂರ್ತಿ ಆಟ ಸಿಕ್ಕಿತು.

ದ ವಿಚರ್ 3 ಇನ್ನೂ ಚಂದದ ಉದಾಹರಣೆ. 2015ರ ಮೇ ತಿಂಗಳಿನದು. ಮರುವರ್ಷ ಅದರ ಎರಡೂ ದೊಡ್ಡ ಮುಂದುವರಿಕೆಗಳನ್ನು ಸೇರಿಸಿ ಗೇಮ್ ಆಫ್ ದ ಇಯರ್ ಆವೃತ್ತಿ ತಂದರು. 2022ರ ಡಿಸೆಂಬರ್‌ನಲ್ಲಿ ಪಿಎಸ್5ಗೆ ಹೊಂದುವ ಅಪ್‌ಡೇಟನ್ನು ಹಳೆಯ ಡಿಸ್ಕ್ ಇದ್ದವರಿಗೂ ಬಿಟ್ಟಿಯಾಗಿ ಕೊಟ್ಟರು. ಮುಖ್ಯ ಕತೆಯೊಂದಕ್ಕೇ ಐವತ್ತು ಗಂಟೆಯಷ್ಟು ಬೇಕು. ಕೆಲಸಕ್ಕೆ ಹೋಗುವವನಿಗೆ ಅದೊಂದು ಆಟ ನಾಲ್ಕೈದು ತಿಂಗಳ ಸಂಜೆಗಳಿಗೆ ಆಗುತ್ತದೆ. ರೆಡ್ ಡೆಡ್ ರಿಡೆಂಪ್ಷನ್ 2 ಕೂಡ ಹಾಗೆಯೇ, 2018ರದ್ದು, ಬೆಲೆ ಇಳಿದಾಗ ಹಿಡಿ. ಅದರಲ್ಲಿ ನಮ್ಮ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾ ಸ್ಟುಡಿಯೋದವರ ಕೈಯೂ ಇದೆ. ಫುಟ್‌ಬಾಲ್, ಕುಸ್ತಿಯಂಥ ವರ್ಷವರ್ಷ ಬರುವ ಆಟಗಳ ಹಳೆಯ ಡಿಸ್ಕನ್ನು ಹೊಸದು ಬಂದ ಮೇಲೆಯೇ ಕೊಳ್ಳಬೇಕು. ತಂಡದ ಹೆಸರುಗಳು ಬದಲಾಗುತ್ತವೆ, ಆಟ ಅದೇ ಇರುತ್ತದೆ.

ಸಣ್ಣ ಆಟಗಳನ್ನು ಸಣ್ಣವೆಂದು ತಳ್ಳಬೇಡ. ಸ್ಟಾರ್‌ಡ್ಯೂ ವ್ಯಾಲಿಯನ್ನು ಎರಿಕ್ ಬರೋನ್ ಎಂಬ ಒಬ್ಬನೇ ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಕೂತು ಮಾಡಿದ. ಚಿತ್ರ, ಸಂಗೀತ, ಕೋಡ್ ಎಲ್ಲ ಅವನದೇ. ಹೊಲ ಉತ್ತು, ಬೀಜ ಹಾಕಿ, ಮಳೆ ಬಿಸಿಲು ನೋಡುವ ಆ ಆಟ ನಮ್ಮ ಕಡೆಯ ರೈತರ ಮಕ್ಕಳಿಗೆ ಬೇಗ ಹಿಡಿಸುತ್ತದೆ. ಹಾಲೋ ನೈಟ್ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಬೆರಳೆಣಿಕೆಯ ಜನ ಮಾಡಿದ್ದು. 2023ರಲ್ಲಿ ಬಂದ ವೆಣ್ಬಾದಲ್ಲಿ ಕೆನಡಾಕ್ಕೆ ಹೋದ ತಮಿಳು ತಾಯಿಯೊಬ್ಬಳ ಹರಿದ ಅಡುಗೆ ಪುಸ್ತಕ ಹಿಡಿದು ಇಡ್ಲಿ ಬೇಯಿಸಬೇಕು. ಎರಡು ಗಂಟೆಯೊಳಗೆ ಮುಗಿಯುತ್ತದೆ, ಊರು ಬಿಟ್ಟು ಬಂದವರಿಗೆ ಗಂಟಲು ಕಟ್ಟುತ್ತದೆ. ಇಂಥವು ಹೆಚ್ಚಾಗಿ ಡೌನ್‌ಲೋಡ್ ಆಗಿಯೇ ಸಿಗುವುದು, ಸೇಲ್ ಬಂದಾಗ ತಗೋ. ನವೆಂಬರಿನ ಬ್ಲ್ಯಾಕ್ ಫ್ರೈಡೇ, ವರ್ಷದ ಕೊನೆ, ಮೇ ಜೂನ್ ಹೊತ್ತಿನ ಡೇಸ್ ಆಫ್ ಪ್ಲೇ, ಈ ಮೂರನ್ನು ನೆನಪಿಟ್ಟುಕೋ. ಸ್ಟೋರಿಗೆ ಕಾರ್ಡ್ ಜೋಡಿಸಬೇಡ. ಇಷ್ಟೇ ಎಂದು ನಿಗದಿ ಮಾಡಿದ ಮೊತ್ತದ ವಾಲೆಟ್ ಕೋಡ್ ಹಾಕಿಕೋ. ತಪ್ಪಿ ಕೊಂಡರೆ, ಡೌನ್‌ಲೋಡ್ ಶುರು ಮಾಡುವ ಮೊದಲು, ಹದಿನಾಲ್ಕು ದಿನದೊಳಗೆ ಪ್ಲೇಸ್ಟೇಷನ್ ಸ್ಟೋರ್ ಹಣ ವಾಪಸ್ ಕೊಡುತ್ತದೆ.

ಕೆಲವರು ‘ಪ್ರೈಮರಿ ಅಕೌಂಟ್, ಸೆಕೆಂಡರಿ ಅಕೌಂಟ್’ ಎಂದು ಬೇರೆಯವರ ಲಾಗಿನ್ ಅನ್ನೇ ಅಗ್ಗಕ್ಕೆ ಮಾರುತ್ತಾರೆ. ಅದು ಕಂಪನಿಯ ನಿಯಮಕ್ಕೆ ವಿರುದ್ಧ. ಅಕೌಂಟ್ ಮುಚ್ಚಿದ ದಿನ ನಿನ್ನ ಆಟವೂ ಹೋಯಿತು, ದುಡ್ಡೂ ಹೋಯಿತು, ಕೇಳಲು ಜಾಗ ಇಲ್ಲ. ಆ ಕಡೆ ತಲೆಹಾಕಬೇಡ.

ಚಂದಾ ಕಟ್ಟಿ ರಾಶಿ ಆಟ ಆಡುವ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಪ್ಲೇಸ್ಟೇಷನ್ ಪ್ಲಸ್ ಎಕ್ಸ್‌ಟ್ರಾ 2022ರ ಜೂನ್‌ನಲ್ಲಿ ಶುರುವಾದಾಗ ವರ್ಷಕ್ಕೆ 4,999 ಇತ್ತು, ಮರುವರ್ಷವೇ 6,699 ಆಯಿತು. ಚಂದಾ ನಿಂತ ದಿನ ಆಟಗಳೂ ನಿಲ್ಲುತ್ತವೆ. ದಿನಾ ಆಡಲು ಬಿಡುವಿರುವವರಿಗೆ ಅದು ಲಾಭವೇ. ವಾರಕ್ಕೆ ನಾಲ್ಕು ಗಂಟೆ ಸಿಗುವ ನಿನಗೆ, ಸಂಕ್ರಾಂತಿಗೋ ದಸರಾಕ್ಕೋ ಉದ್ದ ರಜೆ ಬಂದಾಗ ಒಂದು ತಿಂಗಳಿಗೆ ಮಾತ್ರ ಹಾಕಿ, ಪಟ್ಟಿ ಮಾಡಿಟ್ಟ ಎರಡು ಆಟ ಮುಗಿಸಿ, ಆಟೋ ರಿನ್ಯೂವಲ್ ಅನ್ನು ಅವತ್ತೇ ತೆಗೆದುಹಾಕುವುದು ಒಳ್ಳೆಯದು. ಬಿಟ್ಟಿ ಸಿಗುವುದನ್ನೂ ಮರೆಯಬೇಡ. ಪಿಎಸ್5ರ ಒಳಗೇ ಆಸ್ಟ್ರೋಸ್ ಪ್ಲೇರೂಮ್ ಬರುತ್ತದೆ, ಮೊದಲು ಅದನ್ನು ಮುಗಿಸು. ರಾಕೆಟ್ ಲೀಗ್ 2020ರಿಂದ, ಫಾಲ್ ಗೈಸ್ 2022ರಿಂದ ಉಚಿತ. ಅವುಗಳಲ್ಲಿ ಬಟ್ಟೆ, ಬಣ್ಣಕ್ಕೆ ಮಾತ್ರ ದುಡ್ಡು ಕೇಳುತ್ತಾರೆ, ಕೊಡಬೇಡ.

ಇನ್ನೊಂದು ಮಾತು, ಈ ಊರಿಗೇ ಸೇರಿದ್ದು. ನೀನು ಇರುವ ಹೈದರಾಬಾದಿನಲ್ಲೇ 2009ರಲ್ಲಿ ಪಿಎಸ್2ಗಾಗಿ ಹನುಮಾನ್: ಬಾಯ್ ವಾರಿಯರ್ ಎಂಬ ಆಟ ತಯಾರಾಯಿತು, ಆರೋನಾ ಟೆಕ್ನಾಲಜೀಸ್‌ನವರಿಂದ. ಅದೇ ವರ್ಷ ಇಲ್ಲಿಯದೇ ಗೇಮ್‌ಶಾಸ್ತ್ರ ಕಂಪನಿ ಕಬಡ್ಡಿ, ಚಿನ್ನಿದಾಂಡು, ಗಾಳಿಪಟದ ದೇಸಿ ಅಡ್ಡಾ ಮಾಡಿತು. ಜಗತ್ತಿನ ದೊಡ್ಡ ಆಟಗಳ ಎದುರು ಅವು ನಿಲ್ಲಲಿಲ್ಲ ನಿಜ. ಆದರೂ ಹಳೆಯ ಸಾಮಾನಿನ ರಾಶಿಯಲ್ಲಿ ಅವುಗಳ ಡಿಸ್ಕ್ ಕಣ್ಣಿಗೆ ಬಿದ್ದರೆ ಬಿಡಬೇಡ. ನಮ್ಮವರು ಕನ್ಸೋಲಿಗೆ ಕೈಹಾಕಿದ ಮೊದಲ ದಿನಗಳ ಗುರುತು ಅದು.

ಪಿಜಿಯಲ್ಲಿ ನಿನ್ನಂಥವರು ಇನ್ನೂ ಮೂವರು ಇದ್ದೇ ಇರುತ್ತಾರೆ. ನಾಲ್ವರೂ ಮಾತಾಡಿಕೊಂಡು ನಾಲ್ಕು ಬೇರೆ ಬೇರೆ ಡಿಸ್ಕ್ ತನ್ನಿ, ಮುಗಿಸಿದ ಹಾಗೆ ಬದಲಾಯಿಸಿಕೊಳ್ಳಿ, ಯಾರ ಡಿಸ್ಕ್ ಯಾರ ಹತ್ತಿರ ಇದೆ ಎಂದು ಬರೆದಿಡಿ. ಈ ವಾರವೇ ಅವರನ್ನು ಕರೆದುಕೊಂಡು ಸಿಟಿಸಿಗೆ ಹೋಗಿ ಬಾ. ಕೈಯಲ್ಲಿರುವ ಆಟ ಮುಗಿಯುವವರೆಗೆ ಇನ್ನೊಂದನ್ನು ಮಾತ್ರ ತರಬೇಡ, ತಮ್ಮಾ.