ಬೆಟ್ಟದ ಕೋಟೆ, ನೀರಿನ ಚರ್ಚು

ನಮ್ಮೂರು ಚನ್ನರಾಯಪಟ್ಟಣದ ಕಡೆ. ಹೇಮಾವತಿ ಕಾಲುವೆ ನೀರಿನಿಂದಲೇ ನಮ್ಮ ಗದ್ದೆ ಬೆಳೆಯೋದು.

ಬೇಸಿಗೆ ರಜೆ. ಒಂದು ದಿನ ಮನೆಯವರೆಲ್ಲ ಪ್ರವಾಸ ಹೊರಟೆವು. ಅತ್ತೆ, ಯಜಮಾನರು, ಇಬ್ಬರು ಮಕ್ಕಳು ಸೇರಿ ಐದು ಜನ. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬುತ್ತಿ ಕಟ್ಟಿಕೊಂಡೆವು.

ಹಾಸನದಲ್ಲಿ ಬಸ್ಸು ಬದಲಿಸಬೇಕು. ಅತ್ತೆ ಹೋದ ವರ್ಷವಷ್ಟೇ ಅಕ್ಷರ ಕಲಿತವರು. ಬಸ್ಸಿನ ಬೋರ್ಡಿನ ಮುಂದೆ ನಿಂತರು.

"ಸ... ಕ... ಲೇ... ಶ... ಪುರ. ಇದೇ ಬಸ್ಸು, ಹತ್ರಿ!" ಅಂದರು. ನಮಗೆಲ್ಲ ಖುಷಿಯಾಯಿತು.

ಹಾಸನದಿಂದ ಸಕಲೇಶಪುರ ಸುಮಾರು 40 ಕಿಲೋಮೀಟರ್. ದಾರಿಯಲ್ಲಿ ಕಾಫಿ ತೋಟ, ಮೆಣಸಿನ ಬಳ್ಳಿ. ಊರ ಪಕ್ಕದಲ್ಲೇ ಹೇಮಾವತಿ ಹೊಳೆ. ಅಲ್ಲಿಂದ ಮಂಗಳೂರು ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಬೆಟ್ಟದ ಮೇಲೆ ಮಂಜರಾಬಾದ್ ಕೋಟೆ. 200ಕ್ಕೂ ಹೆಚ್ಚು ಮೆಟ್ಟಿಲು. ಅತ್ತೆ ಕೂತು ಕೂತು ಹತ್ತಿದರು.

ಈ ಕೋಟೆ ಕಟ್ಟಿಸಿದವನು ಟಿಪ್ಪು ಸುಲ್ತಾನ. 1792ರಲ್ಲಿ ಕಟ್ಟಿ ಮುಗಿಯಿತು. ಇದರ ಆಕಾರ ನಕ್ಷತ್ರದಂತೆ. ಎಂಟು ಮೂಲೆಗಳಿವೆ. ನಡುವೆ ಮೆಟ್ಟಿಲಿರುವ ಕೊಳ. ನೆಲದೊಳಗೆ ಮದ್ದಿನ ಮನೆ. ಅಲ್ಲಿ ಬಿಸಿಲಲ್ಲೂ ತಣ್ಣಗಿರುತ್ತದೆ.

"ಇಲ್ಯಾಕಮ್ಮ ಕೋಟೆ ಕಟ್ಟಿದ್ರು?" ಮಗಳು ಕೇಳಿದಳು.

ಮಂಗಳೂರಿನಿಂದ ಘಟ್ಟ ಹತ್ತಿ ಬರುವ ದಾರಿ ಇದು. ದಾರಿ ಕಾಯಲು ಕೋಟೆ ಬೇಕಿತ್ತು. ಮೂಲೆಗಳು ಮುಂದಕ್ಕೆ ಚಾಚಿವೆ. ಗೋಡೆ ಹತ್ತಲು ಬಂದವರು ಅಕ್ಕಪಕ್ಕದ ಮೂಲೆಯಿಂದ ಕಾಣುತ್ತಾರೆ.

ಕೊಳದ ಹತ್ತಿರ ಬುತ್ತಿ ಬಿಚ್ಚಿ ಉಂಡೆವು. ಮಧ್ಯಾಹ್ನ ಹಾಸನಕ್ಕೆ ವಾಪಸ್ ಬಂದೆವು. ಆಟೊ ಮಾಡಿಕೊಂಡು ಶೆಟ್ಟಿಹಳ್ಳಿಗೆ ಹೋದೆವು.

ಅಲ್ಲಿ ಹೊಳೆಯ ಅಂಗಳದಲ್ಲಿ ಹಳೆಯ ಚರ್ಚ್ ಇದೆ. ಫ್ರಾನ್ಸ್ ದೇಶದ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿಸಿದ್ದು. ಈಗ ಚಾವಣಿ ಇಲ್ಲ. ಗೋಡೆ ಅಲ್ಲಲ್ಲಿ ಕುಸಿದಿದೆ. ಎತ್ತರದ ಕಮಾನುಗಳು ಮಾತ್ರ ನಿಂತಿವೆ. ಕಲ್ಲು ಬಿದ್ದೀತೆಂದು ನಾವು ಒಳಗೆ ಹೋಗಲಿಲ್ಲ.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದರು. 1979ರಲ್ಲಿ ಅದು ಮುಗಿಯಿತು. ಹಿನ್ನೀರು ಹಳ್ಳಿಗಳಿಗೆ ನುಗ್ಗಿತು. ಜನ ಊರು ಬಿಟ್ಟರು. ಚರ್ಚ್ ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಪೂರಾ ಕಾಣುತ್ತದೆ.

ಅಲ್ಲಿ ಒಬ್ಬ ಅಜ್ಜಿ ಕುರಿ ಮೇಯಿಸುತ್ತಿದ್ದರು.

"ನಮ್ಮನೇನೂ ಈ ನೀರಲ್ಲೇ ಹೋಯ್ತು ಕಣವ್ವ," ಅಂದರು. "ನಾನಾಗ ಹೊಸ ಸೊಸೆ. ಯಾವುದೋ ಕಾಗದ ತಂದ್ರು. ಹೆಬ್ಬೆಟ್ಟು ಒತ್ತಿ ಅಂದ್ರು. ಒತ್ತಿದ್ವಿ. ಅದರಲ್ಲಿ ಏನು ಬರೆದಿತ್ತೋ, ಇವತ್ತಿಗೂ ಗೊತ್ತಿಲ್ಲ."

ಅತ್ತೆ ಸುಮ್ಮನೆ ನಿಂತರು. ಆಮೇಲೆ ಅಜ್ಜಿಯ ಕೈ ಹಿಡಿದರು. "ನಮ್ಮ ಗದ್ದೆಗೆ ಬರೋದು ಇದೇ ನೀರು ಕಣಕ್ಕ. ನಿಮ್ಮೂರು ಮುಳುಗಿದ್ದು ನಮಗೆ ಗೊತ್ತೇ ಇರಲಿಲ್ಲ," ಅಂದರು.

ಮಿಕ್ಕ ರೊಟ್ಟಿಯನ್ನು ಅಜ್ಜಿಗೆ ಕೊಟ್ಟು ಹೊರಟೆವು.

ಮನೆ ಸೇರಿದಾಗ ರಾತ್ರಿಯಾಗಿತ್ತು. ಸಂಘದ ಸಾಲದ ಕಾಗದವೊಂದು ಸಹಿಗೆ ಬಂದಿತ್ತು. ಅತ್ತೆ ಕೈಕಾಲು ತೊಳೆದು ದೀಪದ ಕೆಳಗೆ ಕೂತರು. ಒಂದೊಂದೇ ಅಕ್ಷರ ಕೂಡಿಸಿ ಕೊನೆಯವರೆಗೂ ಓದಿದರು. ಆಮೇಲೆ ಸಹಿ ಹಾಕಿದರು.

ಹೊಸ ಪದಗಳು: ಕೋಟೆ, ನಕ್ಷತ್ರ, ಅಣೆಕಟ್ಟು, ಹಿನ್ನೀರು, ಹೆಬ್ಬೆಟ್ಟು

ಕೂತು ಮಾತಾಡಿ
1. ಮಂಜರಾಬಾದ್ ಕೋಟೆಯನ್ನು ಬೆಟ್ಟದ ಮೇಲೆ ಏಕೆ ಕಟ್ಟಿದರು?
2. ಅಣೆಕಟ್ಟಿನಿಂದ ಯಾರಿಗೆ ಲಾಭವಾಯಿತು? ಯಾರಿಗೆ ನಷ್ಟವಾಯಿತು?
3. ನೀವು ಓದದೆ ಹೆಬ್ಬೆಟ್ಟು ಒತ್ತಿದ್ದುಂಟೆ?

ಬರೆಯಿರಿ: ನೀವು ನೋಡಿದ ಒಂದು ಊರಿನ ಬಗ್ಗೆ ಐದು ಸಾಲು.