ಬೇಡದ ಅಪ್‌ಗ್ರೇಡ್ ಸೂಚನೆ: ಕಂಪ್ಯೂಟರ್ ಮಾಲೀಕರ ಒಪ್ಪಿಗೆಗೆ ಕಾನೂನಿನ ಬಲ

ಕಂಪ್ಯೂಟರಿನ ವಿಂಡೋಸ್ ಆವೃತ್ತಿಯನ್ನು ಬದಲಿಸಲು ಮಾಲೀಕರ ಒಪ್ಪಿಗೆ ಬೇಕು. ಬದಲಿಸಿರೆಂದು ಪರದೆಯ ಮೇಲೆ ಪದೇ ಪದೇ ಬೀಳುವ ಸೂಚನೆಯನ್ನು ಸ್ವಂತ ಯಂತ್ರದಿಂದ ತೆಗೆಯಲು ಮಾತ್ರ ಯಾರ ಅಪ್ಪಣೆಯೂ ಬೇಡ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಹಳ್ಳಿಗಳಲ್ಲಿ ಗ್ರಾಮ ಒನ್ ಕೇಂದ್ರ, ಝೆರಾಕ್ಸ್ ಅಂಗಡಿ ನಡೆಸುವವರಿಗೆ ಈ ಸೂಚನೆ ಬರೀ ಕಿರಿಕಿರಿಯಲ್ಲ. ಬೆಳೆ ವಿಮೆಗೆ ಕೊನೆಯ ದಿನ ಬಾಗಿಲಲ್ಲಿ ರೈತರು ಸಾಲುಗಟ್ಟಿರುವಾಗ ಯಂತ್ರ ಹೊಸ ಆವೃತ್ತಿಯ ಹಲವು ಜಿಬಿ ಕಡತ ಇಳಿಸಿಕೊಳ್ಳತೊಡಗಿದರೆ ಮೊಬೈಲಿನ ಡೇಟಾ ಅಲ್ಲಿಗೇ ಮುಗಿಯುತ್ತದೆ, ಅರ್ಜಿಗಳು ಅರ್ಧಕ್ಕೆ ನಿಲ್ಲುತ್ತವೆ.

ಈ ತಕರಾರು ಹಳೆಯದು. 2015ರಲ್ಲಿ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 7 ಮತ್ತು 8.1 ಇದ್ದ ಯಂತ್ರಗಳಿಗೆ ‘ಕೆಬಿ 3035583’ ಎಂಬ ಅಪ್‌ಡೇಟ್ ಕಳಿಸಿತು. ವಿಂಡೋಸ್ 10 ಪಡೆಯಿರಿ ಎಂಬ ಸೂಚನೆ ಬರುತ್ತಿದ್ದುದು ಅದರಿಂದಲೇ. 2016ರ ಮೇ ತಿಂಗಳ ಹೊತ್ತಿಗೆ ಸೂಚನೆಯ ಮೂಲೆಯ ಗುಣಾಕಾರ ಗುರುತು ಒತ್ತಿ ಮುಚ್ಚಿದರೂ ನಿಗದಿಯಾದ ಅಪ್‌ಗ್ರೇಡ್ ರದ್ದಾಗುತ್ತಿರಲಿಲ್ಲ. ಬೇಡವೆಂದು ಮುಚ್ಚಿದ್ದನ್ನೇ ಒಪ್ಪಿಗೆಯೆಂದು ಎಣಿಸಿದ್ದು ದೊಡ್ಡ ತಪ್ಪು. ಅದೇ ವರ್ಷ ಕ್ಯಾಲಿಫೋರ್ನಿಯದ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ ಪ್ರವಾಸ ಸಂಸ್ಥೆ ನಡೆಸುವ ಮಹಿಳೆಯೊಬ್ಬರು, ಕೇಳದೆ ಆದ ಅಪ್‌ಗ್ರೇಡಿನಿಂದ ಕೆಲಸ ಕೆಟ್ಟಿತೆಂದು 10,000 ಡಾಲರ್ ಪರಿಹಾರ ಗೆದ್ದರು. ಕಂಪನಿ ಮೇಲ್ಮನವಿಯನ್ನು ಕೈಬಿಟ್ಟಿತು. ಸೂಚನೆ ತೆಗೆಯುವ ಬ್ಯಾಚ್ ಸ್ಕ್ರಿಪ್ಟ್‌ಗಳು ಬಳಕೆಗೆ ಬಂದದ್ದೂ ಆ ದಿನಗಳಲ್ಲೇ. ಇಂದಿನ ಒತ್ತಡ ವಿಂಡೋಸ್ 11ರದು.

ಭಾರತದಲ್ಲಿ ಇಂಥ ಕಾಟಕ್ಕೆ ಕಾನೂನು ಹೆಸರಿಟ್ಟಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ ತಡೆ ಮಾರ್ಗಸೂಚಿ ಹೊರಡಿಸಿತು. ಗ್ರಾಹಕರನ್ನು ದಾರಿ ತಪ್ಪಿಸುವ 13 ತಂತ್ರಗಳು ಅದರಲ್ಲಿವೆ. ವ್ಯಾಪಾರದ ಲಾಭಕ್ಕಾಗಿ ಬಳಕೆದಾರರನ್ನು ಮತ್ತೆ ಮತ್ತೆ ಅಡ್ಡಗಟ್ಟಿ ಪೀಡಿಸುವುದು ಅವುಗಳಲ್ಲೊಂದು. ಪರದೆಯ ವಿನ್ಯಾಸವನ್ನು ತಿರುಚಿ ‘ಬೇಡ’ ಎನ್ನುವ ಆಯ್ಕೆಯನ್ನು ಮರೆಮಾಡುವುದು ಇನ್ನೊಂದು. ಭದ್ರತೆಯ ಎಚ್ಚರಿಕೆ ಪೀಡನೆಯಲ್ಲ. ಹೊಸ ಕಂಪ್ಯೂಟರ್ ಕೊಳ್ಳಿರೆಂದು ಪರದೆ ತುಂಬ ಬರುವ ಜಾಹೀರಾತಿನ ಮೇಲೆ ದೂರು ಕೊಡುವವರಿಗೆ ಮಾತ್ರ ಈ ಮಾರ್ಗಸೂಚಿ ಆಧಾರವಾಗುತ್ತದೆ.

ಅಂಗಡಿಯ ಕಂಪ್ಯೂಟರ್ ವ್ಯಾಪಾರದ್ದು, ಗ್ರಾಹಕ ಕಾಯ್ದೆ ಅನ್ವಯಿಸದು ಎಂಬ ಅಂಜಿಕೆ ಹಲವರಲ್ಲಿದೆ. ಕಾಯ್ದೆಯ 2(7)ನೇ ಕಲಂ ಇದನ್ನು ಬಿಡಿಸಿ ಹೇಳುತ್ತದೆ: ಸ್ವಯಂ ಉದ್ಯೋಗದ ಮೂಲಕ ಹೊಟ್ಟೆ ಹೊರೆಯಲು ಕೊಂಡು ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದಾಗದು. ಹೀಗಾಗಿ ತಾವೇ ಕುಳಿತು ಕೇಂದ್ರ ನಡೆಸುವವರೂ ಗ್ರಾಹಕರೇ. ಆದರೆ ಯಂತ್ರದಲ್ಲಿರುವ ವಿಂಡೋಸ್ ಅಸಲಿಯಾಗಿರಬೇಕು. ನಕಲಿ ಪ್ರತಿ ಹಾಕಿಸಿಕೊಂಡವರ ದೂರು ಗಟ್ಟಿಯಾಗಿ ನಿಲ್ಲದು. ಗೊತ್ತಿದ್ದೂ ಅದನ್ನು ಬಳಸುವುದು ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ಅಪರಾಧ.

ಬ್ಯಾಚ್ ಸ್ಕ್ರಿಪ್ಟ್ ಎಂದರೆ ಒಂದರ ಕೆಳಗೊಂದು ಆಜ್ಞೆ ಬರೆದಿಟ್ಟ ಸಾದಾ ಪಠ್ಯ ಕಡತ. 2016ರ ಸ್ಕ್ರಿಪ್ಟ್‌ಗಳು ಆ ಅಪ್‌ಡೇಟನ್ನೇ ಕಿತ್ತು, ರಿಜಿಸ್ಟ್ರಿಯಲ್ಲಿ ತಡೆ ಬರೆಯುತ್ತಿದ್ದವು. ಈಗಿನವು ‘ಟಾರ್ಗೆಟ್ ರಿಲೀಸ್ ವರ್ಷನ್’ ಎಂಬ ನೀತಿಯನ್ನು ರಿಜಿಸ್ಟ್ರಿಗೆ ಸೇರಿಸಿ ಯಂತ್ರವನ್ನು ವಿಂಡೋಸ್ 10ರ 22ಎಚ್2 ಆವೃತ್ತಿಯಲ್ಲೇ ನಿಲ್ಲಿಸುತ್ತವೆ. ಇದು ಮೈಕ್ರೋಸಾಫ್ಟೇ ಕೊಟ್ಟಿರುವ ಸೌಲಭ್ಯ. ಬೀಗ ಮುರಿಯುವ ಕೆಲಸವಲ್ಲ.

ಕಾನೂನಿನ ಕುತ್ತು ಬರುವುದು ಯಂತ್ರ ಬೇರೆಯವರದಾದಾಗ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಂ ಪ್ರಕಾರ, ಮಾಲೀಕರ ಇಲ್ಲವೇ ಯಂತ್ರದ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದೆ ಕಂಪ್ಯೂಟರ್ ಪ್ರವೇಶಿಸುವುದು, ಹಾನಿಕಾರಕ ಪ್ರೋಗ್ರಾಂ ಸೇರಿಸುವುದು, ಕೆಲಸಕ್ಕೆ ಅಡ್ಡಿ ಮಾಡುವುದು ಪರಿಹಾರ ತೆರಬೇಕಾದ ಕೃತ್ಯಗಳು. ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 66ನೇ ಕಲಂ ಅಡಿ 3 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಗ್ರಾಮ ಪಂಚಾಯಿತಿಯ ಕಂಪ್ಯೂಟರಿಗೆ ಪಿಡಿಒ, ಶಾಲೆಯದಕ್ಕೆ ಮುಖ್ಯೋಪಾಧ್ಯಾಯರು ಬರಹದಲ್ಲಿ ಅನುಮತಿ ಕೊಟ್ಟ ಮೇಲೆಯೇ ಸ್ಕ್ರಿಪ್ಟ್ ಓಡಿಸಬೇಕು. ರಿಪೇರಿ ಅಂಗಡಿಯವರೂ ಗಿರಾಕಿಯ ಒಪ್ಪಿಗೆ ಬರೆಸಿಕೊಳ್ಳುವುದು ಲೇಸು. ಎಲ್ಲಿಂದಲೋ ಇಳಿಸಿಕೊಂಡ ಸ್ಕ್ರಿಪ್ಟನ್ನು ಮೊದಲು ನೋಟ್‌ಪ್ಯಾಡಿನಲ್ಲಿ ತೆರೆದು ಸಾಲು ಸಾಲಾಗಿ ಓದಬೇಕು. ಅರ್ಥವಾಗದ ಒಂದು ಸಾಲಿದ್ದರೂ ಅದನ್ನು ಓಡಿಸಬಾರದು. ಅಡ್ಮಿನ್ ಅಧಿಕಾರ ಸಿಕ್ಕ ಸ್ಕ್ರಿಪ್ಟ್ ಬ್ಯಾಂಕಿನ ಪಾಸ್‌ವರ್ಡನ್ನೂ ಕದಿಯಬಲ್ಲದು. ಅಂಥ ವಂಚನೆಯಾದರೆ ಒಡನೆ 1930ಕ್ಕೆ ಕರೆ ಮಾಡಬೇಕು.

ತಡೆಯಬೇಕಾದದ್ದು ಅಪ್‌ಗ್ರೇಡನ್ನು, ಭದ್ರತಾ ಅಪ್‌ಡೇಟುಗಳನ್ನಲ್ಲ. ಕೆಲವು ಸ್ಕ್ರಿಪ್ಟ್‌ಗಳು ವಿಂಡೋಸ್ ಅಪ್‌ಡೇಟ್ ಸೇವೆಯನ್ನೇ ಬಂದ್ ಮಾಡುತ್ತವೆ. ಕಾಗೆ ಓಡಿಸಲು ಹೊಲಕ್ಕೇ ಬೆಂಕಿ ಇಟ್ಟಂತೆ. ರೈತರ ಆಧಾರ್, ಪಹಣಿ, ಬ್ಯಾಂಕ್ ವಿವರ ಹಾದುಹೋಗುವ ಯಂತ್ರದಲ್ಲಿ ಇದು ಸಲ್ಲದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲೇ ಉಳಿಯುವ ಗೃಹಬಳಕೆದಾರರಿಗೆ ಕಂಪನಿ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಯನ್ನು 2026ರ ಅಕ್ಟೋಬರ್ 13ರವರೆಗೆ ಪ್ರಕಟಿಸಿತು.

ಒಪ್ಪಿಗೆಯಿಲ್ಲದೆ ಆದ ಅಪ್‌ಗ್ರೇಡಿನಿಂದ ನಷ್ಟವಾಗಿದ್ದರೆ ಮೊದಲು ಪುರಾವೆ ಕೂಡಿಡಬೇಕು: ಸೂಚನೆಯ ದಿನಾಂಕಸಹಿತ ಫೋಟೊ, ಖರೀದಿ ರಸೀದಿ, ಅಪ್‌ಡೇಟ್ ಇತಿಹಾಸ, ರಿಪೇರಿ ಬಿಲ್ಲು. ಬಳಿಕ ಕಂಪನಿಗೆ ಬರಹದಲ್ಲಿ ದೂರು ಕೊಟ್ಟು, 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಬಹುದು. ಅಲ್ಲಿ ಬಗೆಹರಿಯದಿದ್ದರೆ ಧಾರವಾಡ ಜಿಲ್ಲಾ ಗ್ರಾಹಕ ಆಯೋಗವಿದೆ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಗ್ರಾಹಕ ಕಾಯ್ದೆಯ 34ನೇ ಕಲಂ ಅವಕಾಶ ನೀಡುವುದರಿಂದ ಬೆಂಗಳೂರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ನಷ್ಟವಾದ 2 ವರ್ಷದೊಳಗೆ ಸಲ್ಲಿಸಬೇಕು.

ಒಬ್ಬರ ನಷ್ಟವಲ್ಲ, ಊರಿನ ಎಲ್ಲ ಬಳಕೆದಾರರಿಗೂ ತಟ್ಟುವ ಕಾಟವೆನಿಸಿದರೆ ಅದೇ ಕಾಯ್ದೆಯ 17ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗೇ ಲಿಖಿತ ದೂರು ಕೊಡಬಹುದು. ಈ ದಾರಿ ಬಹಳ ಜನರಿಗೆ ತಿಳಿದೇ ಇಲ್ಲ. ದೂರು ಬರೆಯಲು ನೆರವು ಬೇಕಾದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಉಚಿತ.