ಸೊಪ್ಪಿನ ಬೆಟ್ಟ ಉಳಿದರೆ ತೋಟ ಉಳಿದೀತು



ತೋಟದ ವರ್ಷದ ಲೆಕ್ಕ ಬರೆಯುವಾಗ ನಾವು ಗೊಬ್ಬರ, ಮೈಲುತುತ್ತ, ಕೊನೆ ಇಳಿಸಿದ ಕೂಲಿ, ಸುಲಿದ ಕೂಲಿ ಎಲ್ಲವನ್ನೂ ಬರೆಯುತ್ತೇವೆ. ತೋಟದ ನೆತ್ತಿಯ ಮೇಲಿರುವ ಸೊಪ್ಪಿನ ಬೆಟ್ಟದ ಹೆಸರು ಮಾತ್ರ ಆ ಪುಸ್ತಕದಲ್ಲಿ ಕಾಣುವುದಿಲ್ಲ. ಹಣ ಕೊಟ್ಟು ತಂದದ್ದಲ್ಲವಾದ್ದರಿಂದ ಅದರ ಬೆಲೆಯೂ ತಿಳಿಯುವುದಿಲ್ಲ. ಆದರೆ ಸೊಪ್ಪು, ದರಗು, ಬೇಸಗೆಯ ನೀರು, ಈ ಮೂರೂ ಇಳಿದು ಬರುವುದು ಅಲ್ಲಿಂದಲೇ. ಬೆಟ್ಟ ಬೋಳಾದ ಕಡೆ ಹಳ್ಳ ಬೇಗ ಬತ್ತುತ್ತದೆ. ಆ ಮೇಲೆ ಕೊಳವೆಬಾವಿಯ ಸಾಲ ತಲೆಯ ಮೇಲೆ ಬರುತ್ತದೆ. ಆದ್ದರಿಂದ ಬೆಟ್ಟಕ್ಕೆ ಮತ್ತೆ ಮರ ಬರಿಸುವ ಬಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಒಂಬತ್ತು ಎಕರೆಯ ಲೆಕ್ಕ

ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಇಷ್ಟೊಂದು ಏಕೆ ಎಂದು ಇಂದಿನ ಹುಡುಗರು ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ. ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು, ಅಷ್ಟೇ ಕಾಂಪೋಸ್ಟು ಎಂಬುದು ಶಿಫಾರಸು. ಸೊಪ್ಪೇ ಸುಮಾರು ಆರೂವರೆ ಟನ್ ಆಯಿತು. ಒಂಬತ್ತು ಎಕರೆಗೆ ಹಂಚಿದರೆ ಎಕರೆಗೆ 720 ಕಿಲೋ. ಬೆಟ್ಟಕ್ಕೆ ಅದು ಭಾರವಲ್ಲ. ಆದರೆ ಮರವಿರುವ ಬೆಟ್ಟ ಮೂರೇ ಎಕರೆ ಉಳಿದಿದ್ದರೆ, ಪ್ರತಿ ವರ್ಷವೂ ಎಕರೆಯಿಂದ 2,160 ಕಿಲೋ ತೆಗೆಯಬೇಕಾಗುತ್ತದೆ. ಮರಕ್ಕೆ ಚಿಗುರಲು ಬಿಡುವೇ ಇರುವುದಿಲ್ಲ. ಬೆಟ್ಟ ಸಾಯುವುದು ಹೀಗೆ.

ನೀರಿನ ಲೆಕ್ಕ

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ನೂರು ಅಂಗುಲ ಮಳೆಯ ಊರಿನಲ್ಲಿ ಎಕರೆಗೆ ಒಂದು ಕೋಟಿ ಲೀಟರ್. ಮಳೆ ನಮಗೆ ಕಡಿಮೆಯಿಲ್ಲ, ಅದನ್ನು ಹಿಡಿಯುವವರು ಕಡಿಮೆಯಾಗಿದ್ದಾರೆ. ಮರದ ಎಲೆ ಹನಿಯ ಪೆಟ್ಟನ್ನು ತಡೆಯುತ್ತದೆ, ದರಗು ನೀರನ್ನು ನಿಧಾನ ಮಾಡುತ್ತದೆ, ಬೇರು ಮಣ್ಣಿನಲ್ಲಿ ದಾರಿ ಬಿಡಿಸಿ ಒಳಕ್ಕೆ ಇಳಿಸುತ್ತದೆ. ಹೀಗೆ ಇಳಿದ ನೀರೇ ಬೇಸಗೆಯಲ್ಲಿ ಒರತೆಯಾಗಿ ಬರುತ್ತದೆ. ಬೋಳು ನೆಲದಲ್ಲಿ ಅದೇ ನೀರು ಮೇಲ್ಮಣ್ಣನ್ನು ಹೊತ್ತು ಒಂದೇ ದಿನಕ್ಕೆ ಹೊಳೆ ಸೇರುತ್ತದೆ.

ಮಾಡಬೇಕಾದ ಕೆಲಸ

1. ಬೆಟ್ಟವನ್ನು ಮೂರು ಪಾಲು ಮಾಡಿ, ವರ್ಷಕ್ಕೆ ಒಂದೇ ಪಾಲಿನಲ್ಲಿ ಸೊಪ್ಪು ಕಡಿಯಿರಿ. ಪಕ್ಕದ ರೆಂಬೆ ಮಾತ್ರ ತೆಗೆಯಬೇಕು. ಮೇಲಿನ ಮೂರನೇ ಒಂದು ಭಾಗಕ್ಕೆ, ವಿಶೇಷವಾಗಿ ತುದಿಗೆ, ಕತ್ತಿ ಮುಟ್ಟಿಸಬಾರದು.

2. ಹೊಸ ಗಿಡ ಹುಡುಕುವ ಮೊದಲು ಇರುವ ಬುಡಗಳನ್ನು ನೋಡಿ. ಮತ್ತಿ, ನಂದಿ, ಕಿಂದಳ ಇವು ಕಡಿದ ಬುಡದಿಂದ ಚಿಗುರುತ್ತವೆ. ಹಲವು ಚಿಗುರುಗಳಲ್ಲಿ ನೆಟ್ಟಗಿರುವ ಒಂದೆರಡನ್ನು ಉಳಿಸಿ ಉಳಿದದ್ದನ್ನು ಸವರಿ. ಬೇರು ಹಳೆಯದಾದ್ದರಿಂದ ಇವು ನೆಟ್ಟ ಸಸಿಗಿಂತ ಬೇಗ ಏಳುತ್ತವೆ.

3. ತೆರವಿದ್ದ ಕಡೆ ಜೂನಿನಲ್ಲಿ ನೇರಳೆ, ಹೊನ್ನೆ, ಹಲಸು, ಉಪ್ಪಾಗೆ, ಮುರುಗಲು ಇತ್ಯಾದಿ ಬೆರಕೆಯಾಗಿ ನೆಡಿ. ಒಂದೇ ಜಾತಿಯ ತೋಪು ಬೇಡ. ಅಕೇಶಿಯಾ ಬೇಗ ಬೆಳೆಯುವುದು ನಿಜ. ಆದರೆ ಅದರ ಎಲೆ ಬೇಗ ಕೊಳೆಯದು, ದನವೂ ತಿನ್ನದು.

4. ಜನವರಿಯ ಒಳಗೆ ಅಂಚಿನಲ್ಲಿ ಹತ್ತು ಅಡಿ ಅಗಲಕ್ಕೆ ದರಗು ಗುಡಿಸಿ ಬೆಂಕಿರೇಖೆ ಮಾಡಿ. ಒಂದು ಬೆಂಕಿ ಐದು ವರ್ಷದ ಸಸಿಗಳನ್ನು ಒಂದೇ ಮಧ್ಯಾಹ್ನ ನುಂಗಬಲ್ಲದು. ಇದನ್ನು ನೆರೆಯವರು ಕೂಡಿ ಮಾಡಿದರೆ ಮಾತ್ರ ಫಲ.

5. ಇಳಿಜಾರು ಸಾಧಾರಣವಿದ್ದಲ್ಲಿ ಆರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಇಂಗುಗುಂಡಿ ತೆಗೆಯಬಹುದು. ಒಮ್ಮೆ ತುಂಬಿದರೆ ಒಂದೊಂದರಲ್ಲಿ ಸುಮಾರು 680 ಲೀಟರ್ ನಿಲ್ಲುತ್ತದೆ. ಕಡಿದಾದ ಗುಡ್ಡದಲ್ಲಿ ಗುಂಡಿಯೂ ಬೇಡ, ಜೆಸಿಬಿಯೂ ಬೇಡ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡಿದ್ದೇವೆ. ಅಂಥಲ್ಲಿ ಮರದ ಹೊದಿಕೆಯೇ ಸಾಕು.

ಕಾಫಿ ಬೆಳೆಗಾರರಿಗೆ

ಕಾಫಿ ತೋಟಕ್ಕೆ ಬೆಟ್ಟ ಬೇರೆ ಇಲ್ಲ, ನೆರಳಿನ ಮರವೇ ಬೆಟ್ಟ. ಗೋಣಿ, ಬಸರಿ, ಅತ್ತಿ, ಹಲಸು ಮೇಲೆ, ಹಾಲುವಾಣ ಕೆಳಗೆ ಎಂಬ ಹಳೆಯ ಏರ್ಪಾಡಿನಲ್ಲಿ ಮಣ್ಣಿಗೂ ಹಕ್ಕಿಗೂ ಪಾಲಿತ್ತು. ಸಿಲ್ವರ್ ಓಕ್ ಮೆಣಸಿನ ಬಳ್ಳಿಗೂ ಮಾರಾಟಕ್ಕೂ ಅನುಕೂಲ; ಇಡೀ ತೋಟ ಅದೊಂದೇ ಆಗಬಾರದು, ಅಷ್ಟೆ. ಅರೇಬಿಕಾ ಗಿಡಕ್ಕೆ ಬಿಸಿಲು ಹೆಚ್ಚಾದಲ್ಲಿ ಬಿಳಿ ಕಾಂಡಕೊರಕ ಹೆಚ್ಚುತ್ತದೆ ಎಂಬುದು ನಮಗೆಲ್ಲ ತಿಳಿದದ್ದೇ. ಮರಗಸಿ ಮಾಡುವಾಗ ನೆರಳು ತೆಳುವಾಗಲಿ, ನೆಲ ಬಯಲಾಗದಿರಲಿ. ಓಕ್ ಕಡಿದ ಜಾಗಕ್ಕೆ ಒಂದು ಕಾಡುಜಾತಿಯ ಸಸಿ ಇಡುವ ರೂಢಿ ಮಾಡಿಕೊಳ್ಳೋಣ.

ಎರಡು ಆಕ್ಷೇಪಣೆ

ಸೊಪ್ಪು ಕಡಿದು ಹೊರಲು ಆಳು ಸಿಗುವುದಿಲ್ಲ ಎನ್ನುತ್ತಾರೆ. ಮಾತು ಸುಳ್ಳಲ್ಲ. ಹೊರಲಾಗದ ವರ್ಷ ಸೊಪ್ಪು ಬೆಟ್ಟದಲ್ಲೇ ಉಳಿಯಲಿ. ನೀರಿನ ರೂಪದಲ್ಲಿ ಅದರ ಪಾಲು ಕೆಳಗೆ ಬಂದೇ ಬರುತ್ತದೆ. ತೋಟದಲ್ಲಿ ಬಿದ್ದ ಸೋಗೆ, ಹಾಳೆ, ಅಡಿಕೆ ಸಿಪ್ಪೆಯನ್ನು ಸುಡದೆ ಬುಡಕ್ಕೆ ಹಾಕಿದರೆ ಸೊಪ್ಪಿನ ಕೊರತೆ ಅಷ್ಟು ತಗ್ಗುತ್ತದೆ.

ಅಡಿಕೆಗೆ ಧಾರಣೆ ಇರುವಾಗ ಬೆಟ್ಟವನ್ನೂ ತೋಟ ಮಾಡಬಾರದೇಕೆ ಎನ್ನುವವರೂ ಇದ್ದಾರೆ. 1964ರ ಭೂಕಂದಾಯ ಕಾಯ್ದೆಯ 79ನೇ ಕಲಮು ಕಾನು, ಬಾಣೆ, ಸೊಪ್ಪಿನ ಬೆಟ್ಟಗಳ ಸವಲತ್ತನ್ನು ಮುಂದುವರಿಸಿದೆ, ಒಡೆತನ ಕೊಟ್ಟಿಲ್ಲ. ಕಾನೂನು ಬದಿಗಿರಲಿ. ಮೇಲೆ ಹೊಸ ತೋಟ ಎಬ್ಬಿಸಿದವನು ಕೆಳಗಿನ ಹಳೆಯ ತೋಟದ ನೀರನ್ನೇ ಅದಕ್ಕೆ ಕುಡಿಸಬೇಕಾಗುತ್ತದೆ. ಆ ಹಳೆಯ ತೋಟ ಬಹಳ ಕಡೆ ಅಣ್ಣತಮ್ಮಂದಿರದೋ ನೆರೆಯವರದೋ ಆಗಿರುತ್ತದೆ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯಲ್ಲಿ ಕಾಡು ಕಡಿಯುವುದನ್ನು ಊರವರು ಮರಗಳನ್ನು ಅಪ್ಪಿಕೊಂಡು ತಡೆದರು. ಅದು ಪರರ ಕೊಡಲಿಯನ್ನು ತಡೆದ ಕೆಲಸ. ನಮ್ಮ ಸವಲತ್ತಿನ ಬೆಟ್ಟದಲ್ಲಿ ಕೊಡಲಿಯೂ ನಮ್ಮದೇ, ಕಾವಲೂ ನಮ್ಮದೇ. ಈ ಮಳೆಗಾಲಕ್ಕೆ ಪ್ರತಿಯೊಬ್ಬ ಸದಸ್ಯರೂ ಕನಿಷ್ಠ ಒಂದು ಎಕರೆ ಬೆಟ್ಟವನ್ನು ಕಾಯ್ದಿಡಲು ಆರಂಭಿಸಬೇಕೆಂದು ಕೋರುತ್ತೇವೆ. ಬೇಕಾದ ಸಸಿಗಳ ಜಾತಿ ಮತ್ತು ಸಂಖ್ಯೆಯನ್ನು ಏಪ್ರಿಲ್ ಕೊನೆಯೊಳಗೆ ಸಂಘದ ಕಚೇರಿಯಲ್ಲಿ ಬರೆಸಿದರೆ ಒಟ್ಟಾಗಿ ತರಿಸಲು ಅನುಕೂಲವಾಗುತ್ತದೆ.

ಕಾರ್ಯದರ್ಶಿ